ಕಿಂಡಿಗೆ ಹಣ ಕೊಡುವವರು ಯಾರು?

ದಾವಣಗೆರೆಯ ವಿದ್ಯಾನಗರದ ಒಂದು ಮನೆ. ಚೀನಾದಲ್ಲಿ ಎಂಬಿಬಿಎಸ್ ಓದುವ ಮಗನಿಗೆ ಅವ್ವ ವಾಟ್ಸ್‌ಆ್ಯಪ್ ಕರೆ ಮಾಡುತ್ತಾಳೆ ಎಂದುಕೊಳ್ಳಿ. ಪರದೆಯ ಮೇಲೆ ‘ಕಾಲಿಂಗ್’ ಎಂದೇ ನಿಂತಿರುತ್ತದೆ, ‘ರಿಂಗಿಂಗ್’ ಆಗುವುದೇ ಇಲ್ಲ. ಅಂದರೆ ಕರೆ ಇಲ್ಲಿಂದ ಹೊರಟಿದೆ, ಆ ಕಡೆಯ ಫೋನನ್ನು ಮುಟ್ಟಿಲ್ಲ: ಚೀನಾದ ಜಾಲದಲ್ಲಿ ವಾಟ್ಸ್‌ಆ್ಯಪ್‌ಗೆ ತಡೆ ಇದೆ. ಅದೇ ಹುಡುಗ ಹಾಸ್ಟೆಲ್ ವೈಫೈ ಬಿಟ್ಟು ಊರಿನಿಂದ ಒಯ್ದ ಸಿಮ್ಮಿನ ರೋಮಿಂಗ್ ಡೇಟಾ ಹಾಕಿಕೊಂಡರೆ ಫೋನು ಹೊಡೆದುಕೊಳ್ಳುತ್ತದೆ. ಕೋಣೆ ಅದೇ, ಫೋನು ಅದೇ, ಟವರು ಕೂಡ ಚೀನಾದ್ದೇ.

ರೋಮಿಂಗಿನಲ್ಲಿ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯ ಜಾಲಕ್ಕೆ, ಅಂದರೆ ಭಾರತಕ್ಕೆ, ಮುಚ್ಚಿದ ಕೊಳವೆಯಲ್ಲಿ ಬಂದು ಇಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೆ. ಹಾಗಾಗಿ ಭಾರತದಲ್ಲಿ ಬ್ಲಾಕ್ ಮಾಡಿದ ತಾಣ ಆ ಸಿಮ್ಮಿನಲ್ಲಿ ಬೀಜಿಂಗಿನಲ್ಲಿ ಕೂತರೂ ಬ್ಲಾಕೇ. ಚೀನಾಕ್ಕೆ ಈ ಕೊಳವೆಯನ್ನು ಕತ್ತರಿಸುವುದು ಕಷ್ಟದ ಕೆಲಸವಲ್ಲ. ಕತ್ತರಿಸಿದರೆ ಅಲ್ಲಿಗೆ ಬರುವ ವ್ಯಾಪಾರಿ, ಎಂಜಿನಿಯರು, ಪ್ರವಾಸಿ ಎಲ್ಲರ ಫೋನೂ ಸಾಯುತ್ತದೆ, ನಷ್ಟ ಚೀನಾಕ್ಕೇ.

ಇಂಟರ್ನೆಟ್ ಸೆನ್ಸಾರ್ ವಿರುದ್ಧ ಅಮೆರಿಕ ಮತ್ತು ಯುರೋಪಿನ ಸರ್ಕಾರಗಳು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹಣ ಸುರಿಯುತ್ತ ಬಂದಿವೆ. ಅದರಲ್ಲಿ ಕೆಲಸ ಮಾಡಿದ್ದೆಲ್ಲ ಈ ಒಂದೇ ಲೆಕ್ಕದ ಮೇಲೆ ನಿಂತಿದೆ. ಗೋಡೆ ಒಡೆಯಲು ಆಗುವುದಿಲ್ಲ. ಆದರೆ ತಡೆಯಬೇಕಾದ್ದನ್ನು ತಡೆಯಬಾರದ್ದರ ಜೊತೆ ಬೆರೆಸಿಬಿಟ್ಟರೆ, ತಡೆಯುವವನ ಕೈಗೇ ಬರೆ ಬೀಳುತ್ತದೆ.

ಎಲ್ಲಿ ತಡೆಯುತ್ತಾರೆ?

ಒಂದು ತಾಣ ತೆರೆಯುವಾಗ ಫೋನು ಮೊದಲು ಡಿಎನ್ಎಸ್ ಎಂಬ ವಿಳಾಸ ಪುಸ್ತಕವನ್ನು ಕೇಳುತ್ತದೆ: ಈ ಹೆಸರಿನ ಸರ್ವರಿನ ಐಪಿ ಸಂಖ್ಯೆ ಏನು? ಈ ಪ್ರಶ್ನೆ ಬಹುತೇಕ ಬಿಚ್ಚಿಟ್ಟ ಪೋಸ್ಟ್ ಕಾರ್ಡಿನಂತೆ ಹೋಗುತ್ತದೆ. ಚೀನಾದ ಯಂತ್ರಗಳು ಅದನ್ನು ನಡುದಾರಿಯಲ್ಲಿ ಓದಿ, ನಿಜವಾದ ಉತ್ತರ ಬರುವ ಮೊದಲೇ ಸುಳ್ಳು ಸಂಖ್ಯೆ ಕಳಿಸುತ್ತವೆ. ಹತ್ತಿರ ಇರುವವನ ಉತ್ತರ ಬೇಗ ಮುಟ್ಟುತ್ತದೆ, ಫೋನು ಮೊದಲು ಬಂದದ್ದನ್ನೇ ನಂಬುತ್ತದೆ. 2014ರಲ್ಲಿ ಟರ್ಕಿ ಟ್ವಿಟರ್ ನಿಲ್ಲಿಸಿದಾಗ ಇಸ್ತಾಂಬುಲಿನ ಗೋಡೆಗಳ ಮೇಲೆ ಜನ 8.8.8.8 ಎಂದು ಬರೆದಿದ್ದರು. ಅದು ಗೂಗಲ್ ಕಂಪನಿಯ ಡಿಎನ್ಎಸ್ ಸಂಖ್ಯೆ. ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ಹಾಕಿದರೆ ಸಾಕಿತ್ತು, ಕೆಲವು ದಿನ ಮಾತ್ರ. ಆಮೇಲೆ ಆ ಸಂಖ್ಯೆಗೆ ಹೋಗುವ ದಾರಿಯನ್ನೇ ತಮ್ಮ ಕಡೆ ತಿರುಗಿಸಿಕೊಂಡರು.

ಎರಡನೆಯದು ಐಪಿ ಸಂಖ್ಯೆಯನ್ನೇ ತಡೆಯುವುದು. ಇದು ಮೊಂಡು ಆಯುಧ. 2018ರ ಏಪ್ರಿಲಿನಲ್ಲಿ ರಷ್ಯಾ ಟೆಲಿಗ್ರಾಮ್ ನಿಲ್ಲಿಸಲು ಹೋಗಿ ಅಮೆಜಾನ್, ಗೂಗಲ್ ಕ್ಲೌಡುಗಳ ಒಂದೂವರೆ ಕೋಟಿಗೂ ಹೆಚ್ಚು ವಿಳಾಸಗಳನ್ನು ಮುಚ್ಚಿತು. ಸಂಬಂಧವೇ ಇಲ್ಲದ ಅಂಗಡಿ, ಬ್ಯಾಂಕುಗಳ ಸೇವೆ ಕೆಟ್ಟವು, ಟೆಲಿಗ್ರಾಮ್ ನಡೆಯುತ್ತಲೇ ಇತ್ತು. 2020ರ ಜೂನಿನಲ್ಲಿ ನಿಷೇಧ ತೆಗೆದರು.

ಮೂರನೆಯದೇ ಈಗಿನ ಮುಖ್ಯ ಜಾಗ. ನಾವು ನೋಡುವ ಪುಟ ಗೂಢಲಿಪಿಯಲ್ಲಿ ಮುಚ್ಚಿಹೋಗಿರುತ್ತದೆ, ಸರಿ. ಆದರೆ ಸಂಪರ್ಕ ಶುರುವಾಗುವ ಮೊದಲ ಮಾತಿನಲ್ಲಿ ಯಾವ ತಾಣ ಬೇಕು ಎಂಬ ಹೆಸರು ಬಿಚ್ಚಿಯೇ ಹೋಗುತ್ತದೆ. ಇದಕ್ಕೆ ಎಸ್ಎನ್ಐ ಎನ್ನುತ್ತಾರೆ. ಬಸ್ಸಿನಲ್ಲಿ ಕಳಿಸುವ ಪಾರ್ಸೆಲ್ಲಿನ ಹಾಗೆ: ಒಳಗೆ ಏನಿದೆ ಕಂಡಕ್ಟರಿಗೆ ಗೊತ್ತಿಲ್ಲ, ಮೇಲೆ ಯಾರ ಹೆಸರಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಹೆಬ್ಬಾಳು ಟೋಲ್‌ಗೇಟಿನಲ್ಲಿ ನಿಂತು ಪ್ರತಿ ಬಸ್ಸಿನ ಪ್ರತಿ ಪಾರ್ಸೆಲ್ಲಿನ ಹೆಸರು ಓದುವ ಯಂತ್ರ ಊಹಿಸಿಕೊಳ್ಳಿ. ಪಟ್ಟಿಯಲ್ಲಿದ್ದ ಹೆಸರು ಕಂಡರೆ ಎರಡೂ ಕಡೆಗೆ ‘ಸಂಪರ್ಕ ಮುಗಿಯಿತು’ ಎಂಬ ಸುಳ್ಳು ಸಂದೇಶ ಕಳಿಸುತ್ತದೆ, ಇಲ್ಲವೇ ವೇಗ ಇಳಿಸುತ್ತದೆ.

ಹೆಸರು ಓದುವ ಯಂತ್ರಕ್ಕೆ ಬುದ್ಧಿ ಕಡಿಮೆ. 2021ರ ಮಾರ್ಚಿನಲ್ಲಿ ರಷ್ಯಾ ಟ್ವಿಟರಿನ ವೇಗ ಇಳಿಸಲು ಅದರ ಕಿರುವಿಳಾಸ ‘ಟಿ ಡಾಟ್ ಸಿಒ’ ಎಂಬ ಅಕ್ಷರಗಳನ್ನು ಹುಡುಕಿಸಿತು. ಆ ಅಕ್ಷರಗಳು ಹೆಸರಿನ ಎಲ್ಲಿದ್ದರೂ ಸಾಕು ಎಂದು ಬರೆದುಬಿಟ್ಟಿದ್ದರು. ‘ಮೈಕ್ರೋಸಾಫ್ಟ್ ಡಾಟ್ ಕಾಮ್’ ಬರೆದು ನೋಡಿ: ಕೊನೆಯ ಟಿ, ಚುಕ್ಕೆ, ಆಮೇಲೆ ಸಿ, ಒ. ‘ರೆಡಿಟ್ ಡಾಟ್ ಕಾಮ್’ ಕೂಡ ಹಾಗೆಯೇ. ಟ್ವಿಟರಿನ ಜೊತೆಗೆ ಅವೂ ತೆವಳತೊಡಗಿದವು.

ನಾಲ್ಕನೆಯದು ಪ್ಯಾಕೆಟ್ಟಿನ, ಅಂದರೆ ತುಂಡು ತುಂಡಾಗಿ ಹೋಗುವ ಡೇಟಾದ, ಒಳಗನ್ನು ತಡಕುವುದು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತಾರಲ್ಲ, ಹಾಗೆ. ಇದರ ಬಗ್ಗೆ ಮುಂದೆ ಬರುತ್ತದೆ, ಏಕೆಂದರೆ ಜಿದ್ದಾಜಿದ್ದಿ ನಡೆಯುವುದು ಅಲ್ಲಿಯೇ.

ಹಣ ಎಲ್ಲಿಂದ?

ಈ ಕೆಲಸ ಶುರುವಾದದ್ದು ಮಾನವ ಹಕ್ಕಿನ ಭಾಷಣದಿಂದಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯಕ್ಕೆ ತನ್ನ ಜನ ಯಾವ ತಾಣ ನೋಡುತ್ತಿದ್ದಾರೆ ಎಂಬುದು ಯಾರಿಗೂ ತಿಳಿಯಬಾರದು ಎನಿಸಿತು. ಸಂದೇಶಕ್ಕೆ ಈರುಳ್ಳಿಯಂತೆ ಪದರ ಪದರ ಗೂಢಲಿಪಿ ಸುತ್ತಿ, ಮೂರು ಕಂಪ್ಯೂಟರುಗಳ ಮೂಲಕ ದಾಟಿಸುವ ವಿಧಾನ ರೂಪಿಸಿದರು. ಮೊದಲನೆಯದಕ್ಕೆ ಕಳಿಸಿದವನು ಗೊತ್ತು, ಎಲ್ಲಿಗೆ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಎಂದು ಗೊತ್ತು, ಕಳಿಸಿದವನು ಯಾರೋ. ಒಂದೇ ತೊಡಕು: ಈ ಜಾಲವನ್ನು ನೌಕಾಪಡೆ ಮಾತ್ರ ಬಳಸಿದರೆ, ಅದರಿಂದ ಬಂದವರೆಲ್ಲ ನೌಕಾಪಡೆಯವರೇ ಎಂದು ಗೊತ್ತಾಗುತ್ತದೆ. ಅಡಗಬೇಕಾದರೆ ಜಾತ್ರೆ ಬೇಕು. ಹಾಗಾಗಿ 2004ರಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಟಾರ್. 2006ರಲ್ಲಿ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆಯಾಯಿತು. ಅದೇ ವರ್ಷ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬಿನಿಂದ ಸೆನ್ಸಾರ್ ದಾಟಿಸುವ ಸೈಫನ್ ಎಂಬ ಪ್ರೋಗ್ರಾಮು ಹೊರಬಂತು.

ಇನ್ನೊಂದು ಮೂಲ ರೇಡಿಯೊ. ವಾಯ್ಸ್ ಆಫ್ ಅಮೆರಿಕ, ರೇಡಿಯೊ ಫ್ರೀ ಏಷ್ಯಾದಂಥ ಸರ್ಕಾರಿ ದುಡ್ಡಿನ ಪ್ರಸಾರ ಸಂಸ್ಥೆಗಳ ತಾಣಗಳು ಚೀನಾದಲ್ಲಿ ತೆರೆಯುತ್ತಿರಲಿಲ್ಲ. ಸುದ್ದಿ ಮುಟ್ಟಿಸಲು ಅವರಿಗೇ ಅಡ್ಡದಾರಿ ಬೇಕಾಗಿತ್ತು. 2010ರ ಜನವರಿ 21ರಂದು ಆಗಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ವಾಷಿಂಗ್ಟನ್ನಿನಲ್ಲಿ ಇಂಟರ್ನೆಟ್ ಸ್ವಾತಂತ್ರ್ಯವನ್ನು ವಿದೇಶ ನೀತಿಯ ಭಾಗವೆಂದು ಸಾರಿದ ಮೇಲೆ ಇದಕ್ಕೆ ಹೆಸರು ಬಂತು. 2012ರಲ್ಲಿ ರೇಡಿಯೊ ಫ್ರೀ ಏಷ್ಯಾದ ಒಳಗೆ ಓಪನ್ ಟೆಕ್ನಾಲಜಿ ಫಂಡ್ ಹುಟ್ಟಿ, 2019ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. ಅಮೆರಿಕದ ಸಂಸತ್ತು ಮಂಜೂರು ಮಾಡುವ ಹಣ ಇದರ ಮೂಲಕ ಟಾರ್, ಸೈಫನ್ ಮುಂತಾದ ಉಪಕರಣಗಳಿಗೆ, ಅವುಗಳ ಭದ್ರತಾ ತಪಾಸಣೆಗೆ ಹೋಗುತ್ತದೆ.

ಇದರಲ್ಲಿ ನಮಗೂ ಪಾಲಿದೆ. 2013ರಿಂದ 2016ರವರೆಗೆ ಸುಮಾರು 30 ಲಕ್ಷ ಡಾಲರ್ ಪಡೆದ ಓಪನ್ ವಿಸ್ಪರ್ ಸಿಸ್ಟಮ್ಸ್ ಎಂಬ ಪುಟ್ಟ ತಂಡ ಸಿಗ್ನಲ್ ಎಂಬ ಮೆಸೇಜ್ ಆ್ಯಪ್ ಕಟ್ಟಿತು. ಅದರ ಗೂಢಲಿಪಿ ವಿಧಾನವನ್ನೇ ವಾಟ್ಸ್‌ಆ್ಯಪ್ 2016ರ ಏಪ್ರಿಲಿನಲ್ಲಿ ಪೂರ್ತಿಯಾಗಿ ಅಳವಡಿಸಿಕೊಂಡಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರ ಗ್ರೂಪಿನಲ್ಲಿ ಹೋಗುವ ದರಪಟ್ಟಿಗೂ ಅದೇ ಬೀಗ.

ಹಣಕ್ಕಿಂತ ಅಗ್ಗದ, ನಮ್ಮ ಮಟ್ಟಿಗೆ ಹೆಚ್ಚು ಫಲ ಕೊಟ್ಟ ಕೆಲಸ ಇನ್ನೊಂದಿದೆ: ತಾನೇ ಹಾಕಿದ ಅಡ್ಡಗಟ್ಟೆ ತೆಗೆಯುವುದು. ಇರಾನಿನ ಮೇಲೆ ಅಮೆರಿಕದ ಆರ್ಥಿಕ ದಿಗ್ಬಂಧನ ಇದ್ದುದರಿಂದ ಅಮೆರಿಕದ ಕಂಪನಿಗಳು ಕೇಸಿನ ಭಯಕ್ಕೆ ಇರಾನಿನವರಿಗೆ ಸೇವೆಯನ್ನೇ ಕೊಡುತ್ತಿರಲಿಲ್ಲ. ಒಳಗಿನಿಂದ ಅವರ ಸರ್ಕಾರದ ಗೋಡೆ, ಹೊರಗಿನಿಂದ ಸ್ವಾತಂತ್ರ್ಯ ಬೋಧಿಸುವವರ ಗೋಡೆ. 2013ರಲ್ಲಿ ಅಮೆರಿಕದ ಖಜಾನೆ ಇಲಾಖೆ ‘ಜನರಲ್ ಲೈಸೆನ್ಸ್ ಡಿ’ ಎಂಬ ವಿನಾಯಿತಿ ಕೊಟ್ಟಿತು, 2014ರಲ್ಲಿ ಹಿಗ್ಗಿಸಿತು. 2022ರ ಸೆಪ್ಟೆಂಬರ್ 16ರಂದು ಮಹ್ಸಾ ಅಮೀನಿ ತೀರಿಕೊಂಡು ಪ್ರತಿಭಟನೆ ಎದ್ದು, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಬಂದ್ ಆದಾಗ, ಸೆಪ್ಟೆಂಬರ್ 23ಕ್ಕೆ ‘ಡಿ-2’ ಬಂತು. ಕ್ಲೌಡ್ ಸೇವೆ, ವಿಡಿಯೊ ಕರೆ, ಸೋಷಿಯಲ್ ಮೀಡಿಯಾ ಎಲ್ಲ ಅದರಲ್ಲಿ ಸೇರಿದವು. ಗಿಟ್‌ಹಬ್ ಕಂಪನಿಗೆ ಇರಾನಿನ ಪ್ರೋಗ್ರಾಮರುಗಳಿಗೆ ಪೂರ್ತಿ ಸೇವೆ ಕೊಡಲು 2021ರ ಜನವರಿಯವರೆಗೆ ಲೈಸೆನ್ಸಿಗಾಗಿ ಕಾಯಬೇಕಾಯಿತು. ಈ ಕಾಗದಗಳಿಗೆ ಆದ ಖರ್ಚು ಮಸಿಯಷ್ಟೆ.

ಉಳಿದ ಸರ್ಕಾರಗಳದ್ದು ಚಿಕ್ಕ ಪಾತ್ರ. 2011ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ಮುಂದಾಳತ್ವದಲ್ಲಿ ಹೇಗ್ ನಗರದಲ್ಲಿ ಫ್ರೀಡಮ್ ಆನ್‌ಲೈನ್ ಕೊಯಲಿಷನ್ ಆಯಿತು, ಹೆಚ್ಚಾಗಿ ಹೇಳಿಕೆ ಹೊರಡಿಸುವ ಕೂಟ. ಭಾರತ ಅದರ ಸದಸ್ಯನಲ್ಲ. ಬಿಬಿಸಿ, ಜರ್ಮನಿಯ ಡಾಯ್ಚೆ ವೆಲೆ 2019ರಿಂದ ಟಾರ್ ಜಾಲದೊಳಗೆ ತಮ್ಮ ಕನ್ನಡಿ ತಾಣ ಇಟ್ಟಿವೆ.

ಕಿಂಡಿ ಮತ್ತು ಒನಕೆ

ಟಾರ್ ಜಾಲದ ಕಂಪ್ಯೂಟರುಗಳ ಪಟ್ಟಿ ಬಹಿರಂಗ. ಪಟ್ಟಿ ಇಳಿಸಿಕೊಂಡು ಎಲ್ಲವನ್ನೂ ತಡೆಯುವುದು ಸೆನ್ಸಾರಿಗೆ ಅರ್ಧ ದಿನದ ಕೆಲಸ. ಅದಕ್ಕೆ ಪಟ್ಟಿಯಲ್ಲಿ ಇಲ್ಲದ ಕಂಪ್ಯೂಟರುಗಳನ್ನು ಇಟ್ಟರು. ಇವಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಕೇಳಿದವರಿಗೆ ಎರಡೋ ಮೂರೋ ವಿಳಾಸ ಮಾತ್ರ ಕೊಡುತ್ತಾರೆ, ಇಮೇಲಿನಲ್ಲಿ ಕೇಳುವುದಾದರೆ ಜಿಮೇಲ್ ಅಥವಾ ರೈಸ್ಅಪ್ ಖಾತೆಯಿಂದಲೇ ಕೇಳಬೇಕು. ಸೆನ್ಸಾರ್ ಇಲಾಖೆಯವನೂ ಕೇಳುತ್ತಾನೆ. ಸಾವಿರ ಖಾತೆ ಮಾಡಿ ಕೇಳುವುದನ್ನು ದುಬಾರಿ ಮಾಡುವುದಷ್ಟೇ ಉದ್ದೇಶ.

ಚಿತ್ರದುರ್ಗದ ಕಥೆ ನೆನಪಿಸಿಕೊಳ್ಳಿ. ಕೋಟೆಗೆ ಲಗ್ಗೆ ಹಾಕಿ ಸೋತ ಹೈದರಾಲಿಯ ಕಡೆಯವರಿಗೆ ಕಿಂಡಿ ಗೊತ್ತಾದದ್ದು ಹೇಗೆ? ಒಬ್ಬ ಹೆಂಗಸು ಬಂಡೆಗಳ ಸಂದಿಯಿಂದ ಒಳಗೆ ನುಸುಳುವುದನ್ನು ಕಂಡು ಎನ್ನುತ್ತಾರೆ. ಚೀನಾದ ಯಂತ್ರ ಮಾಡುವುದೂ ಅದನ್ನೇ. ಯಾರೋ ಒಬ್ಬ ವಿದೇಶಿ ಸರ್ವರಿನ ಜೊತೆ ವಿಚಿತ್ರವಾಗಿ ಮಾತಾಡಿದ್ದು ಕಂಡರೆ, ಸ್ವಲ್ಪ ಹೊತ್ತಿನಲ್ಲಿ ತಾನೇ ಬೇರೆ ವಿಳಾಸದಿಂದ ಆ ಸರ್ವರಿನ ಬಾಗಿಲು ತಟ್ಟಿ ಟಾರ್ ಭಾಷೆಯಲ್ಲಿ ಕೂಗುತ್ತದೆ. ಒಳಗಿನಿಂದ ‘ಹೂಂ’ ಎಂದರೆ ಮುಗಿಯಿತು, ಕಿಂಡಿಯ ಬಾಯಲ್ಲಿ ಒನಕೆ ನಿಂತಂತೆ. (ನಮ್ಮ ಕಥೆಯಲ್ಲಿ ಒನಕೆ ಹಿಡಿದವಳು ನಮ್ಮವಳು. ಇಲ್ಲಿ ಒನಕೆ ಇರುವುದು ಸೆನ್ಸಾರಿನ ಕೈಯಲ್ಲಿ. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು, ಓಬವ್ವ ಸಿಟ್ಟಾದಾಳು.)

ಇದಕ್ಕೆ ಮದ್ದು ಒಬಿಎಫ್ಎಸ್4 ಎಂಬ ವಿಧಾನ. ಬ್ರಿಡ್ಜಿನ ವಿಳಾಸದ ಜೊತೆ ಒಂದು ಗುಟ್ಟಿನ ಕೀಲಿಯೂ ಇರುತ್ತದೆ. ಬಾಗಿಲು ತಟ್ಟುವವನು ಮೊದಲ ಮಾತಿನಲ್ಲೇ ಆ ಕೀಲಿ ತನಗೆ ಗೊತ್ತು ಎಂದು ತೋರಿಸಬೇಕು, ಇಲ್ಲದಿದ್ದರೆ ಸರ್ವರು ತುಟಿ ಪಿಟಕ್ಕೆನ್ನುವುದಿಲ್ಲ. ಬಳಸುವವರು ಇಲ್ಲಿಯೇ ಎಡವುತ್ತಾರೆ. ಬ್ರಿಡ್ಜ್ ಸಾಲಿನಲ್ಲಿ ವಿಧಾನದ ಹೆಸರು, ಐಪಿ ಮತ್ತು ಪೋರ್ಟ್, ಉದ್ದನೆಯ ಬೆರಳಚ್ಚು, ಆಮೇಲೆ ‘ಸರ್ಟ್’ ಎಂದು ಶುರುವಾಗುವ ಕೀಲಿ, ಕೊನೆಗೆ ಒಂದು ಅಂಕಿ ಇರುತ್ತದೆ. ಚಾಟಿನಲ್ಲಿ ಫಾರ್ವರ್ಡ್ ಮಾಡುವಾಗ ಸಾಲು ಮುರಿದು ಕೀಲಿಯ ಬಾಲ ಬಿಟ್ಟುಹೋದರೆ ಏನೂ ತೆರೆಯುವುದಿಲ್ಲ, ಏಕೆ ಎಂದೂ ಅದು ಹೇಳುವುದಿಲ್ಲ. ಮೌನವೇ ಅದರ ವಿನ್ಯಾಸ. ಇನ್ನೊಂದು ಸಾಮಾನ್ಯ ತಪ್ಪು ಫೋನಿನ ಗಡಿಯಾರ: ದಿನಾಂಕ, ಸಮಯ ಅಥವಾ ಟೈಮ್ ಝೋನ್ ತಪ್ಪಿದ್ದರೆ ಟಾರ್ ಸಂಪರ್ಕ ಅರ್ಧದಲ್ಲೇ ನಿಲ್ಲುತ್ತದೆ.

ಇಷ್ಟಾಗಿ ಸೆನ್ಸಾರ್ ಸುಮ್ಮನಿರಲಿಲ್ಲ. 2021ರ ನವೆಂಬರಿನಿಂದ ಚೀನಾ ಹೊಸ ಚೀಲ ಪರೀಕ್ಷೆ ತಂದಿತು, ಸಂಶೋಧಕರು ಅದನ್ನು ಬಿಡಿಸಿ 2023ರಲ್ಲಿ ಪ್ರಕಟಿಸಿದರು. ಅದು ಎಷ್ಟು ಸರಳ ಎಂದರೆ ನಗು ಬರುತ್ತದೆ. ಒಂದು ಬೈಟಿನಲ್ಲಿ 8 ಬಿಟ್. ಚೆನ್ನಾಗಿ ಗೂಢಲಿಪಿ ಮಾಡಿದ ಡೇಟಾದಲ್ಲಿ ಸೊನ್ನೆ ಮತ್ತು ಒಂದು ಸಮಸಮ ಬೀಳುವುದರಿಂದ ಸರಾಸರಿ 4 ಒಂದುಗಳು ಇರುತ್ತವೆ. ಯಂತ್ರ ಮೊದಲ ಪ್ಯಾಕೆಟ್ಟಿನ ಒಂದುಗಳನ್ನು ಎಣಿಸುತ್ತಿತ್ತು. ಸರಾಸರಿ 3.4ಕ್ಕಿಂತ ಕಡಿಮೆಯೋ 4.6ಕ್ಕಿಂತ ಹೆಚ್ಚೋ ಇದ್ದರೆ ಬಿಡುತ್ತಿತ್ತು. ಮೊದಲ 6 ಬೈಟ್ ಸಾದಾ ಅಕ್ಷರಗಳಾದರೆ ಬಿಡುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಅಕ್ಷರಗಳಿದ್ದರೆ, ಒಂದರ ಹಿಂದೊಂದು 20ಕ್ಕಿಂತ ಹೆಚ್ಚು ಅಕ್ಷರ ಬಂದರೆ, ಸಾಮಾನ್ಯ ವೆಬ್ ಸಂಪರ್ಕದಂತೆ ಕಂಡರೆ ಬಿಡುತ್ತಿತ್ತು. ಈ ಯಾವ ಜರಡಿಯಲ್ಲೂ ಬೀಳದ್ದನ್ನು ಮಾತ್ರ ತಡೆಯುತ್ತಿತ್ತು, ಅದೂ ಕೆಲವು ವಿದೇಶಿ ಡೇಟಾ ಸೆಂಟರುಗಳಿಗೆ ಹೋಗುವ ಸಂಪರ್ಕಗಳಲ್ಲಿ ಸುಮಾರು ಶೇ 26ರಷ್ಟನ್ನು, ತಲಾ 180 ಸೆಕೆಂಡ್. ಎಲ್ಲವನ್ನೂ ತಡೆದರೆ ಅಮಾಯಕ ಸಂಪರ್ಕಗಳೂ ಸಾಯುತ್ತವೆ. ಹಾಗಾಗಿ ನಾಲ್ಕರಲ್ಲಿ ಒಂದನ್ನು ಹೊಡೆದು, ಬಳಸುವವನಿಗೆ ಬೇಸರ ಬರಿಸಿದರೆ ಸಾಕು ಎಂಬ ಲೆಕ್ಕ.

ಅಂದರೆ ಚೆನ್ನಾಗಿ ಮುಚ್ಚಿದ್ದೇ ತಪ್ಪಾಯಿತು. ಯಾರ್ಡಿಗೆ ಬಂದ ಚೀಲಗಳಲ್ಲಿ ಮೆಕ್ಕೆಜೋಳವೂ ಅಲ್ಲ, ಭತ್ತವೂ ಅಲ್ಲ, ಶೇಂಗಾವೂ ಅಲ್ಲದ ಒಂದೇ ಚೀಲ ಎದ್ದು ಕಂಡಿತು. ಪರಿಹಾರವೂ ಅಷ್ಟೇ ಸರಳ: ಸಂದೇಶದ ತಲೆಗೆ ಆರು ಸಾದಾ ಅಕ್ಷರ ಅಂಟಿಸುವುದು. ಜಾಣತನಕ್ಕಿಂತ ಇಲ್ಲಿ ಬೇಕಾದದ್ದು ಎಲ್ಲರಂತೆ ಕಾಣುವುದು.

ಸ್ನೋಫ್ಲೇಕ್ ಎಂಬುದು ಇದನ್ನೇ ಮುಂದಕ್ಕೆ ಒಯ್ದಿತು. ಬ್ರೌಸರಿನಲ್ಲಿ ವಿಡಿಯೊ ಕರೆ ನಡೆಸುವ ವೆಬ್‌ಆರ್‌ಟಿಸಿ ತಂತ್ರವನ್ನೇ ಅದು ಬಳಸುತ್ತದೆ. ದೇಶದ ಜನರಿಗೆಲ್ಲ ಬೇಕಾದ ವಿಡಿಯೊ ಕರೆ ನಿಲ್ಲಿಸದೆ ಇದನ್ನು ನಿಲ್ಲಿಸುವುದು ಕಷ್ಟ. ಬ್ರಿಡ್ಜಿನ ಜಾಗದಲ್ಲಿ ಪ್ರಪಂಚದ ಯಾವುದೋ ಮನೆಯ ಲ್ಯಾಪ್‌ಟಾಪು ಇರುತ್ತದೆ, ಇವತ್ತು ಒಂದು ವಿಳಾಸ, ನಾಳೆ ಇನ್ನೊಂದು. 2022ರ ಸೆಪ್ಟೆಂಬರಿನಲ್ಲಿ ಇರಾನಿನಿಂದ ಅದರ ಬಳಕೆ ದಿಢೀರನೆ ಏರಿ, ಅಕ್ಟೋಬರ್ ಮೊದಲ ವಾರದಲ್ಲಿ ದಿಢೀರನೆ ಬಿತ್ತು. ಕಾರಣ ಹುಡುಕಿದರೆ, ಸಂಪರ್ಕ ಕೇಳುವ ಮೊದಲ ಹೆಜ್ಜೆಯಲ್ಲಿ ಅದು ಬ್ರೌಸರಿನಂತೆ ನಟಿಸುತ್ತಿದ್ದರೂ ‘ನಮಸ್ಕಾರ’ ಹೇಳುವ ಧಾಟಿ ಯಾವ ಬ್ರೌಸರಿನದ್ದೂ ಆಗಿರಲಿಲ್ಲ. ಅದನ್ನು ಬರೆದ ‘ಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆಯದಾಗಿತ್ತು. ಇರಾನಿನ ಯಂತ್ರ ಆ ಧಾಟಿಯನ್ನು ಹಿಡಿಯಿತು. ನಿಜವಾದ ಬ್ರೌಸರಿನ ಧಾಟಿಯನ್ನೇ ನಕಲು ಮಾಡಿ ಸರಿಪಡಿಸಬೇಕಾಯಿತು.

ಕೈ ಸುಟ್ಟುಕೊಂಡದ್ದು

ಸರ್ಕಾರದ ಮುದ್ರೆ ಬಿದ್ದರೆ ಉಪಕರಣ ಗಟ್ಟಿ ಎಂದು ಅರ್ಥವಲ್ಲ. 2010ರಲ್ಲಿ ಇರಾನಿಗಾಗಿ ಹೇಸ್ಟ್ಯಾಕ್ ಎಂಬ ಪ್ರೋಗ್ರಾಮು ಬಂತು. ಪತ್ರಿಕೆಗಳು ಹೊಗಳಿದವು, ಅಮೆರಿಕ ಸರ್ಕಾರ ರಫ್ತು ಲೈಸೆನ್ಸ್ ಕೊಟ್ಟಿತು. ಕೋಡನ್ನು ಯಾರಿಗೂ ತೋರಿಸಿರಲಿಲ್ಲ. ಸೆಪ್ಟೆಂಬರಿನಲ್ಲಿ ಹೊರಗಿನ ತಜ್ಞರು ಪರೀಕ್ಷಿಸಿದಾಗ ಅದು ಬಳಕೆದಾರರನ್ನು ಅಡಗಿಸುವ ಬದಲು ಹಿಡಿದುಕೊಡುವಷ್ಟು ದುರ್ಬಲ ಎಂದು ಕಂಡು ನಿಲ್ಲಿಸಬೇಕಾಯಿತು. ಕೋಡು ಬಹಿರಂಗ ಇರಬೇಕು, ಹಣ ಕೊಡುವ ಮೊದಲು ತಪಾಸಣೆ ಆಗಬೇಕು ಎಂಬ ಹಟ ಈ ಕ್ಷೇತ್ರದಲ್ಲಿ ಗಟ್ಟಿಯಾಗಲು ಇಂಥ ಪ್ರಕರಣಗಳೇ ಕಾರಣ.

ಇನ್ನೂ ಕೆಟ್ಟದ್ದು ಝುನ್‌ಝುನಿಯೊ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಯ್ಡ್ 2010ರಿಂದ 2012ರವರೆಗೆ ಕ್ಯೂಬಾದಲ್ಲಿ ಎಸ್ಎಂಎಸ್ ಮೂಲಕ ನಡೆಯುವ ಟ್ವಿಟರಿನಂಥ ಸೇವೆ ನಡೆಸಿತು. ಸುಮಾರು 40,000 ಜನ ಸೇರಿದ್ದರು. ಹಿಂದೆ ಯಾರ ಹಣ ಇದೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. 2014ರ ಏಪ್ರಿಲಿನಲ್ಲಿ ಎಪಿ ಸುದ್ದಿಸಂಸ್ಥೆ ಅದನ್ನು ಹೊರಗೆಳೆಯಿತು. ಅಂದಿನಿಂದ ಯಾವ ಸರ್ವಾಧಿಕಾರಿಯೂ ಟಾರ್, ಸಿಗ್ನಲ್ ಕಡೆ ಬೆರಳು ತೋರಿಸಿ ‘ಇದೂ ಅಂಥದ್ದೇ’ ಎನ್ನಲು ಪುರಾವೆ ಹುಡುಕಬೇಕಿಲ್ಲ. ಹಣ ಬಹಿರಂಗವಾಗಿ ಬಂದರೆ, ಕೋಡು ಬಹಿರಂಗವಾಗಿದ್ದರೆ ಈ ಆರೋಪಕ್ಕೆ ಉತ್ತರ ಕೊಡಬಹುದು. ಗುಟ್ಟಿನ ಹಣಕ್ಕೆ ಉತ್ತರವೇ ಇಲ್ಲ.

ಕಂಪನಿಗಳ ಕೈಯಲ್ಲಿರುವುದನ್ನು ಸರ್ಕಾರ ಕೊಡಿಸಲಾರದು ಎಂಬುದೂ ಗೊತ್ತಾಯಿತು. ‘ಡೊಮೇನ್ ಫ್ರಂಟಿಂಗ್’ ಎಂಬ ಜಾಣ ದಾರಿಯೊಂದಿತ್ತು: ಪಾರ್ಸೆಲ್ಲಿನ ಮೇಲೆ ದೊಡ್ಡ ಅಂಗಡಿಯ ಹೆಸರು, ಒಳಗಿನ ಚೀಟಿಯಲ್ಲಿ ‘ಪಕ್ಕದ ಕೋಣೆಗೆ ಕೊಡಿ’. ಟೋಲಿನವನಿಗೆ ಕಾಣುವುದು ಗೂಗಲ್, ಮುಟ್ಟುವುದು ಸಿಗ್ನಲ್. ಗೂಗಲ್ ನಿಲ್ಲಿಸಲು ಧೈರ್ಯವಿಲ್ಲದ ದೇಶಕ್ಕೆ ಸಿಗ್ನಲ್ ನಿಲ್ಲಿಸಲಾಗುತ್ತಿರಲಿಲ್ಲ. 2018ರ ಏಪ್ರಿಲಿನಲ್ಲಿ ಗೂಗಲ್, ಅಮೆಜಾನ್ ಎರಡೂ ಇದನ್ನು ಮುಚ್ಚಿದವು. ಬೇರೆಯವರ ಜಗಳಕ್ಕೆ ತಮ್ಮ ವ್ಯಾಪಾರ ಅಡ ಇಡಲು ಅವು ಸಿದ್ಧವಿರಲಿಲ್ಲ. ಆ್ಯಪಲ್ 2017ರಲ್ಲಿ ಚೀನಾದ, 2024ರಲ್ಲಿ ರಷ್ಯಾದ ಆ್ಯಪ್ ಸ್ಟೋರಿನಿಂದ ವಿಪಿಎನ್ ಆ್ಯಪ್‌ಗಳನ್ನು, ಅಂದರೆ ಡೇಟಾವನ್ನು ಮುಚ್ಚಿದ ಕೊಳವೆಯಲ್ಲಿ ಬೇರೆಡೆಯ ಸರ್ವರಿಗೆ ಒಯ್ದು ಅಲ್ಲಿಂದ ಇಂಟರ್ನೆಟ್ಟಿಗೆ ಬಿಡುವ ಆ್ಯಪ್‌ಗಳನ್ನು, ತೆಗೆಯಿತು. ಆಂಡ್ರಾಯ್ಡ್ ಆದರೆ ಎಪಿಕೆ ಫೈಲನ್ನು ಪೆನ್‌ಡ್ರೈವಿನಲ್ಲೋ ಬ್ಲೂಟೂತಿನಲ್ಲೋ ದಾಟಿಸಬಹುದು. ಐಫೋನಿನಲ್ಲಿ ಆ ದಾರಿಯೂ ಇಲ್ಲ. ಕೈಯಿಂದ ಕೈಗೆ ಬಂದ ಎಪಿಕೆ ಒಳಗೆ ಬೇಹುಗಾರನೂ ಕೂತಿರಬಹುದು, ಅದು ಬೇರೆ ಪಾಡು.

ಗೋಡೆಯ ಇಟ್ಟಿಗೆ ಮಾರುವವರೂ ಇದೇ ದೇಶಗಳವರು. 2011ರಲ್ಲಿ ಅಮೆರಿಕದ ಬ್ಲೂ ಕೋಟ್ ಕಂಪನಿಯ ಯಂತ್ರಗಳು ಸಿರಿಯಾದಲ್ಲಿ ಸಿಕ್ಕವು. 2020ರಲ್ಲಿ ಬೆಲಾರೂಸ್ ಇಂಟರ್ನೆಟ್ ಮುಚ್ಚಿದಾಗ ಸ್ಯಾಂಡ್‌ವೈನ್ ಕಂಪನಿಯ ಹೆಸರು ಬಂತು. 2024ರ ಫೆಬ್ರವರಿಯಲ್ಲಿ ಅಮೆರಿಕ ಅದನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿ, ಕಂಪನಿ ದಾರಿ ಬದಲಿಸಿದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ತೆಗೆಯಿತು.

ಇನ್ನು ದಿನದ ಖರ್ಚು. ವಿಪಿಎನ್ ಎಂದರೆ ಕೋಡು ಬರೆದು ಮುಗಿಯುವ ಕೆಲಸವಲ್ಲ, ನೀರಿನ ಟ್ಯಾಂಕರಿನಂತೆ ದಿನವೂ ತುಂಬಿಸಬೇಕು. 1 ಲಕ್ಷ ಜನ ದಿನಕ್ಕೆ ತಲಾ 200 ಎಂಬಿ ಬಳಸಿದರೆ 20,000 ಜಿಬಿ. ದೊಡ್ಡ ಕ್ಲೌಡಿನ ಪಟ್ಟಿ ದರ ಜಿಬಿಗೆ 9 ಸೆಂಟಿನ ಆಸುಪಾಸು. ಅಂದರೆ ದಿನಕ್ಕೆ 1,800 ಡಾಲರ್, ತಿಂಗಳಿಗೆ 54,000. ಸಗಟು ಗಿರಾಕಿಗೆ ದರ ಇಳಿಯುತ್ತದೆ, ನಿಜ. ಆದರೆ ಬಳಸುವವರು ಲಕ್ಷವಲ್ಲ, ಕೋಟಿಗಟ್ಟಲೆ. ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದಾಗ, ರಷ್ಯಾ ಉಕ್ರೇನಿಗೆ ನುಗ್ಗಿದಾಗ ಒಂದೇ ವಾರದಲ್ಲಿ ಜನ ಮುಗಿಬೀಳುತ್ತಾರೆ, ಬಜೆಟ್ಟು ಮಾತ್ರ ವರ್ಷಕ್ಕೊಮ್ಮೆ. 2024ರ ಸೆಪ್ಟೆಂಬರಿನಲ್ಲಿ ಶ್ವೇತಭವನ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಕ್ಲೌಡ್‌ಫ್ಲೇರ್ ಕಂಪನಿಗಳನ್ನು ಕರೆದು ಇದಕ್ಕೆ ರಿಯಾಯಿತಿಯಲ್ಲಿ ಬ್ಯಾಂಡ್‌ವಿಡ್ತ್ ಕೊಡಿ ಎಂದು ಕೇಳಿದ್ದು ಇದಕ್ಕೇ. ಆರು ತಿಂಗಳಾಗಿತ್ತಷ್ಟೆ, 2025ರ ಮಾರ್ಚ್ 14ರಂದು ಹೊಸ ಅಧ್ಯಕ್ಷರ ಆದೇಶ ಓಪನ್ ಟೆಕ್ನಾಲಜಿ ಫಂಡಿಗೆ ಹಣ ಕೊಡುವ ಮಾತೃ ಇಲಾಖೆಯನ್ನೇ ಕುಗ್ಗಿಸಿತು, ಅನುದಾನ ರದ್ದಾಯಿತು. ಸಂಸ್ಥೆ ಕೋರ್ಟಿಗೆ ಹೋದ ಮೇಲೆ ರದ್ದತಿ ಹಿಂತೆಗೆದರು. ಕ್ಯೂಬಾದ ಸೇವೆ ನಿಂತದ್ದೂ ಸೆನ್ಸಾರಿನಿಂದಲ್ಲ, ದುಡ್ಡು ಮುಗಿದದ್ದರಿಂದ.

ಪೂರ್ತಿ ಕತ್ತಲಾದರೆ

ಮೇಲಿನದ್ದೆಲ್ಲ ಸೋಸುವ ಗೋಡೆಗೆ. ತಂತಿಯನ್ನೇ ಕಿತ್ತರೆ ಯಾವ ವಿಪಿಎನ್ನೂ ಕೆಲಸಕ್ಕೆ ಬಾರದು. 2011ರ ಜನವರಿ 27ರ ನಡುರಾತ್ರಿ ಈಜಿಪ್ಟಿನ ಕಂಪನಿಗಳು ಸುಮಾರು 3,500 ಜಾಲಮಾರ್ಗಗಳ ಘೋಷಣೆಯನ್ನು ಕೆಲವೇ ನಿಮಿಷಗಳಲ್ಲಿ ಹಿಂತೆಗೆದುಕೊಂಡವು. ಪ್ರಪಂಚದ ನಕ್ಷೆಯಿಂದಲೇ ದೇಶ ಅಳಿಸಿಹೋದಂತೆ, ಐದು ದಿನ. 2019ರ ನವೆಂಬರಿನಲ್ಲಿ ಇರಾನ್ ಸುಮಾರು ಒಂದು ವಾರ ಹೀಗೇ ಮಾಡಿತು, ಆದರೆ ದೇಶದೊಳಗಿನ ಬ್ಯಾಂಕು, ಆಸ್ಪತ್ರೆಗಳ ಜಾಲವನ್ನು ಬೇರೆಯಾಗಿ ನಡೆಸಿಕೊಂಡು. ಇಂಥ ಒಳಜಾಲ ಕಟ್ಟಿಕೊಂಡವನಿಗೆ ಮುಚ್ಚುವ ಖರ್ಚು ಕಡಿಮೆ. ‘ತಡೆದರೆ ನಿಮಗೇ ನಷ್ಟ’ ಎಂಬ ಇಡೀ ಲೆಕ್ಕ ಅಲ್ಲಿ ಸಡಿಲವಾಗುತ್ತದೆ.

ಆಗ ಉಳಿಯುವುದು ಆಕಾಶ. ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಸ್ಟಾರ್‌ಲಿಂಕ್ ತಟ್ಟೆಗೆ ತೆರೆದ ಬಾನು, 50ರಿಂದ 100 ವಾಟ್ ಕರೆಂಟು ಬೇಕು, ಗಡಿ ದಾಟಿಸಬೇಕು, ಚಾವಣಿಯ ಮೇಲೆ ಕಾಣುತ್ತದೆ. ಇದಕ್ಕಿಂತ ಬಡ, ಆದರೆ ಚೆಂದದ ಉಪಾಯ ಇರಾನಿನ ಟೂಶೆ: ಮನೆಯ ಡಿಶ್ ಟಿವಿಯಲ್ಲಿ ಒಂದು ಚಾನೆಲನ್ನು ಕೆಲ ಹೊತ್ತು ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮಿನಿಂದ ಬಿಡಿಸಿದರೆ ಸುದ್ದಿ, ವಿಡಿಯೊ, ಆ್ಯಪ್ ಫೈಲುಗಳು ಸಿಗುತ್ತವೆ. ಒಮ್ಮುಖ ದಾರಿ, ನೋಡಿದವನ ಜಾಡು ಯಾರಿಗೂ ಸಿಗದು. 2022ರ ಮಾರ್ಚಿನಲ್ಲಿ ಬಿಬಿಸಿ ಉಕ್ರೇನ್ ಮತ್ತು ರಷ್ಯಾದ ಕೆಲ ಭಾಗಕ್ಕೆ ದಿನಕ್ಕೆ 4 ಗಂಟೆ ಶಾರ್ಟ್‌ವೇವ್ ರೇಡಿಯೊ ಮತ್ತೆ ಶುರುಮಾಡಿತು.

ಇಲ್ಲಿ ಕೂತು

ಇದೆಲ್ಲ ಪರದೇಶದ ಸುದ್ದಿ ಎನ್ನುವ ಹಾಗಿಲ್ಲ. ನಮ್ಮಲ್ಲಿ ಐಟಿ ಕಾಯ್ದೆಯ 69ಎ ಕಲಮಿನಡಿ ತಾಣ ಮುಚ್ಚುವ ಆದೇಶಗಳು 2009ರ ನಿಯಮಗಳ ಪ್ರಕಾರ ಗುಟ್ಟಾಗಿಯೇ ಇರುತ್ತವೆ. ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ನಿಂತ 4ಜಿ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಡಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿದಾಗ ಹಲವು ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು.

ಸ್ನೋಫ್ಲೇಕಿಗೆ ದಾವಣಗೆರೆಯ ಲ್ಯಾಪ್‌ಟಾಪೂ ಆಗುತ್ತದೆ. ಫೈರ್‌ಫಾಕ್ಸ್ ಅಥವಾ ಕ್ರೋಮ್ ಆ್ಯಡ್-ಆನ್ ಅಂಗಡಿಯಲ್ಲಿ ಟಾರ್ ಪ್ರಾಜೆಕ್ಟ್ ಹೆಸರಿನಲ್ಲೇ ಇರುವ ಸ್ನೋಫ್ಲೇಕ್ ಹಾಕಿಕೊಂಡು, ಮೇಲಿನ ಪಟ್ಟಿಯ ಐಕಾನ್ ಒತ್ತಿ ಆನ್ ಮಾಡಬೇಕು. ಆಂಡ್ರಾಯ್ಡಿನಲ್ಲಾದರೆ ಆರ್‌ಬಾಟ್ ಆ್ಯಪಿನ ‘ಕೈಂಡ್‌ನೆಸ್ ಮೋಡ್’. ಇರಾನಿನಲ್ಲಿ ಯಾರೋ ಸಂಪರ್ಕ ಕೇಳಿದಾಗ ಅವರ ಗೂಢಲಿಪಿ ಡೇಟಾ ನಮ್ಮ ಮೂಲಕ ಟಾರ್ ಜಾಲಕ್ಕೆ ದಾಟುತ್ತದೆ. ಅವರು ನೋಡಿದ ತಾಣಕ್ಕೆ ನಮ್ಮ ಐಪಿ ಕಾಣುವುದಿಲ್ಲ, ಟಾರ್ ಜಾಲದ ಕೊನೆಯ ಕಂಪ್ಯೂಟರಿನದು ಕಾಣುತ್ತದೆ. ಅವರು ಏನು ನೋಡಿದರು ಎಂಬುದೂ ನಮಗೆ ಕಾಣದು. ಕಾಲೇಜು ಲ್ಯಾಬಿನಲ್ಲಿ, ಆಫೀಸಿನಲ್ಲಿ ಕೇಳದೆ ಹಾಕಬೇಡಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಹಾಕಿದರೆ ದಿನದ ಒಂದೂವರೆ ಜಿಬಿ ಮಧ್ಯಾಹ್ನದೊಳಗೆ ಮುಗಿದೀತು.

ಐಕಾನ್ ಒತ್ತಿದರೆ ಕಳೆದ 24 ಗಂಟೆಯಲ್ಲಿ ಎಷ್ಟು ಜನ ನಿಮ್ಮ ಮೂಲಕ ದಾಟಿದರು ಎಂದು ತೋರಿಸುತ್ತದೆ. ಎರಡು ದಿನ ಸೊನ್ನೆಯೇ ಇದ್ದರೆ ಕೆಟ್ಟಿದೆ ಎಂದಲ್ಲ. ಬಡಾವಣೆಯ ಫೈಬರಿನಲ್ಲಿ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚಿರುತ್ತಾರೆ, ಹೊರಗಿನವರು ನೇರವಾಗಿ ನಿಮ್ಮ ಬಾಗಿಲಿಗೆ ಬರಲಾಗದು. ಅಂಥವರಿಗೆ ಜೋಡಿ ಸಿಗುವುದು ಕಡಿಮೆ. ರೌಟರ್ ರೀಸ್ಟಾರ್ಟ್ ಮಾಡಿ ಫಲವಿಲ್ಲ. ಕೇಬಲ್‌ನವರಿಗೆ ಫೋನ್ ಮಾಡಿ ‘ಅಣ್ಣಾ, ನಮ್ಮ ಲೈನಿಗೆ ಪಬ್ಲಿಕ್ ಐಪಿ ಹಾಕಿಕೊಡ್ತೀರಾ’ ಎಂದು ಕೇಳಿ. ಕೆಲವರು ತಿಂಗಳಿಗೆ ಇಷ್ಟು ಎಂದು ಹೆಚ್ಚಿಗೆ ತೆಗೆದುಕೊಂಡು ಕೊಡುತ್ತಾರೆ.